ಟ್ರ್ಯಾಕ್ಟರ್ ಟ್ರಾಲಿಗೆ ವಿಂಚ್ ಕೂರಿಸಬೇಕು: ಕೆಟ್ಟು ನಿಂತ ಜೀಪ್ ಹತ್ತಿಸಲು ಎಷ್ಟು ದೊಡ್ಡದು ಬೇಕು, ಎಲ್ಲಿ ಕೂರಿಸಬೇಕು?

ಕಾಫಿಗಿಡ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಎರಡು ಚಕ್ರದ ಟ್ರ್ಯಾಕ್ಟರ್ ಟ್ರಾಲಿ ಇದೆ. 11 ಅಡಿ ಉದ್ದ, 6 ಅಡಿ ಅಗಲ. ಡೋರ್‌ಗಳನ್ನೆಲ್ಲ ಬಿಚ್ಚಿಟ್ಟರೆ ಪೂರ್ತಿ ಸಪಾಟು. ನೆಲದಿಂದ ಹಾಸಿನವರೆಗೆ 3 ಅಡಿ ಎತ್ತರ. ಗೊಬ್ಬರ, ಸೌದೆ, ಕಾಫಿ ಮೂಟೆ ಸಾಗಿಸಲು ಇಟ್ಟುಕೊಂಡಿದ್ದು.

ಅಪ್ಪ ಓಡಿಸುತ್ತಿದ್ದ ಹಳೇ ಪೆಟ್ರೋಲ್ ಜೀಪ್ ಶೆಡ್ಡಿನಲ್ಲಿ ನಿಂತು ಆರು ವರ್ಷವಾಯಿತು. ಅದನ್ನು ಮತ್ತೆ ರಸ್ತೆಗೆ ಇಳಿಸಲೇಬೇಕು ಅಂತ ಮನಸ್ಸು ಮಾಡಿದ್ದೇನೆ. ಎಂಜಿನ್ ಕೆಲಸ ಹಾಸನದಲ್ಲಿ ಮಾಡಿಸಬೇಕು. ಬ್ರೇಕ್ ಕೆಲಸ ಮಾಡುವುದಿಲ್ಲ, ಹಾಗಾಗಿ ಹಗ್ಗ ಕಟ್ಟಿ ಹೆದ್ದಾರಿಯಲ್ಲಿ ಎಳೆದುಕೊಂಡು ಹೋಗುವ ಮಾತೇ ಇಲ್ಲ.

ಕಳೆದ ತಿಂಗಳು ನಮ್ಮ ಪವರ್ ಟಿಲ್ಲರನ್ನು ಇದೇ ಟ್ರಾಲಿಗೆ ಹಲಗೆ ಹಾಕಿ ಆರು ಜನ ತಳ್ಳಿ ಹತ್ತಿಸಿದೆವು. ಅರ್ಧ ಹತ್ತಿದ ಮೇಲೆ ಹಲಗೆ ಜಾರಿತು. ತೋಟದ ಕೆಲಸದ ಹುಡುಗನೊಬ್ಬನ ಪಾದದ ಮೇಲೆ ಚಕ್ರ ಹತ್ತಿತು. ಮೂಳೆ ಮುರಿಯಲಿಲ್ಲ, ಆದರೆ ಅವನು ಇಪ್ಪತ್ತು ದಿನ ಕೆಲಸಕ್ಕೆ ಬರಲಾಗಲಿಲ್ಲ. ತಪ್ಪು ನನ್ನದೇ. ಇನ್ನು ಮುಂದೆ ಏನನ್ನೇ ಹತ್ತಿಸಿದರೂ ಹಿಂದೆ ಮನುಷ್ಯರು ನಿಲ್ಲಬಾರದು ಅಂತ ತೀರ್ಮಾನ ಮಾಡಿದ್ದೇನೆ.

ನನ್ನ ಯೋಚನೆ ಹೀಗಿದೆ. 12 ವೋಲ್ಟ್‌ನ ಎಲೆಕ್ಟ್ರಿಕ್ ವಿಂಚ್, ಅಂದರೆ ಡ್ರಮ್ಮಿಗೆ ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರ, ತರುವುದು. ಟ್ರಾಲಿಯ ಮುಂದಿನ ಡೋರಿಗೆ ಬೋಲ್ಟ್ ಹಾಕಿ ಕೂರಿಸುವುದು. ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರ್ ಎಳೆಯುವುದು. 8 ಅಡಿಯ ಎರಡು ಕಬ್ಬಿಣದ ರ‍್ಯಾಂಪ್ ಮಾಡಿಸುವುದು. ಜೀಪ್ 1,100 ಕೆಜಿ ಇರಬಹುದು. ಅಂಗಡಿಯಲ್ಲಿ 2,000 ಪೌಂಡ್, ಅಂದರೆ 900 ಕೆಜಿಯ ವಿಂಚ್ ಸಾಕು ಅಂದರು. ಸಾಕಾ?

ಕುಲುಮೆ, ದಾವಣಗೆರೆ

ಸರ್, ವಿಂಚ್ ಎಷ್ಟು ದೊಡ್ಡದು ಅನ್ನೋದು ಆಮೇಲೆ. ಮುಂದಿನ ಡೋರಿಗೆ ಬೋಲ್ಟ್ ಹಾಕೋದು ಮಾತ್ರ ದಯವಿಟ್ಟು ಬಿಡಿ. ನಾನು ಟ್ರಾಲಿ ಕಟ್ಟೋ ಶೆಡ್ಡಿನಲ್ಲೇ ದೊಡ್ಡವನಾದವನು. ಆ ಡೋರ್ ಇರೋದು ಮಣ್ಣು, ಜಲ್ಲಿ ಮುಂದಕ್ಕೆ ಚೆಲ್ಲದಿರಲಿ ಅಂತ. ಮೂರು ಎಂಎಂ ತಗಡು, ಅಂಚಿಗೆ ಆ್ಯಂಗ್ಲರ್, ಕೆಳಗೆ ಎರಡು ಕೊಂಡಿ, ಅಷ್ಟೇ. ಅದರ ನಡುವೆ ಅರ್ಧ ಟನ್ ಎಳೆತ ಕೊಟ್ಟರೆ ಮೊದಲು ತಗಡು ಹೊಟ್ಟೆ ಬಿಡುತ್ತೆ, ಆಮೇಲೆ ಕೊಂಡಿ ಕಿತ್ತು ಬರುತ್ತೆ. ಜೀಪ್ ಆಗ ರ‍್ಯಾಂಪಿನ ಮೇಲೆ ಇರುತ್ತೆ.

ಹಾಸಿನ ತಗಡಿಗೆ ಬೋಲ್ಟ್ ಹಾಕಿದರೂ ಇದೇ ಕಥೆ. ಎಳೆತ ಚಾಸಿಯ ಉದ್ದದ ಎರಡು ಚಾನಲ್‌ಗೆ, ಅಂದ್ರೆ ದೋಣಿ ಆಕಾರದ ಕಬ್ಬಿಣದ ತೊಲೆಗೆ, ಹೋಗಿ ಸೇರಬೇಕು. ನಡುವೆ ತಗಡು ಬರಬಾರದು.

ಐಟಿಐ ಮೇಷ್ಟ್ರು, ಮೈಸೂರು

ಕುಲುಮೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ತೂಕದ ಲೆಕ್ಕ ಕೊಡುತ್ತೇನೆ. ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇ ಇದನ್ನು.

ಗಾಡಿ ಉರುಳಿಕೊಂಡು ಹತ್ತುವಾಗ ವಿಂಚ್ ಪೂರ್ತಿ ತೂಕ ಎತ್ತುವುದಿಲ್ಲ. ಇಳಿಜಾರು ಎಷ್ಟು ಕಡಿದು ಅನ್ನುವುದರ ಮೇಲೆ ಎಳೆತ ನಿಂತಿದೆ. 3 ಅಡಿ ಎತ್ತರಕ್ಕೆ 8 ಅಡಿ ರ‍್ಯಾಂಪ್ ಹಾಕಿದರೆ ಸುಮಾರು 22 ಡಿಗ್ರಿ ಏರು. 1,100 ಕೆಜಿಯನ್ನು 8ರಿಂದ ಭಾಗಿಸಿ 3ರಿಂದ ಗುಣಿಸಿ. 412 ಕೆಜಿ. ಚಕ್ರ ಉರುಳುವ ತಡೆಗೆ ಒಂದು 30 ಕೆಜಿ ಸೇರಿಸಿ. ಒಟ್ಟು 440 ಹತ್ತಿರ. ಅದೇ ರ‍್ಯಾಂಪ್ 12 ಅಡಿ ಆದರೆ? ಏರು 14.5 ಡಿಗ್ರಿಗೆ ಇಳಿಯುತ್ತದೆ. ಎಳೆತ 305 ಕೆಜಿ. ರ‍್ಯಾಂಪನ್ನು ನಾಲ್ಕು ಅಡಿ ಉದ್ದ ಮಾಡಿದ್ದಕ್ಕೆ ಎಳೆತದಲ್ಲಿ ಮೂರನೇ ಒಂದು ಭಾಗ ಉಳಿಯಿತು.

ಇದನ್ನು ನೋಡಿ 900 ಕೆಜಿ ವಿಂಚ್ ಧಾರಾಳ ಅಂತ ಅನಿಸಬಹುದು. ಆದರೆ ನಿಮ್ಮ ಜೀಪ್ ಆರು ವರ್ಷ ನಿಂತಿದೆ. ಸಕಲೇಶಪುರದ ಮಳೆಯಲ್ಲಿ. ನಾಲ್ಕೂ ಚಕ್ರ ಉರುಳುತ್ತವೆಯೇ? ಬ್ರೇಕ್ ಡ್ರಮ್ಮಿಗೆ ಲೈನರ್ ಅಂಟಿಕೊಂಡು ಚಕ್ರ ಬಿಗಿದಿದ್ದರೆ ಗಾಡಿ ಉರುಳುವುದಿಲ್ಲ, ಉಜ್ಜಿಕೊಂಡು ಬರುತ್ತದೆ. ನಾಲ್ಕೂ ಬಿಗಿದಿದ್ದರೆ 8 ಅಡಿ ರ‍್ಯಾಂಪಿನಲ್ಲಿ ಎಳೆತ 1,100 ಕೆಜಿ ದಾಟುತ್ತದೆ. ಎರಡೇ ಬಿಗಿದಿದ್ದರೂ 800 ಹತ್ತಿರ. ಮೊದಲು ಜ್ಯಾಕ್ ಹಾಕಿ ಒಂದೊಂದೇ ಚಕ್ರ ತಿರುಗಿಸಿ ನೋಡಿ.

ಫ್ಲಾಟ್‌ಬೆಡ್ ಗಾಡಿ, ತುಮಕೂರು

ಕೆಟ್ಟ ಗಾಡಿ ಎತ್ತೋದೇ ನನ್ನ ಕೆಲಸ. ಹದಿನಾಲ್ಕು ವರ್ಷ ಆಯ್ತು. ಮೇಷ್ಟ್ರು ಹೇಳದ ಒಂದು ವಿಷಯ ಇದೆ. ಹೊಸದಾಗಿ ವಿಂಚ್ ತಗೊಳ್ಳೋರೆಲ್ಲ ಇಲ್ಲೇ ಎಡವುತ್ತಾರೆ.

ಡಬ್ಬದ ಮೇಲೆ ಬರೆದಿರೋ ತೂಕ ಇದೆಯಲ್ಲ, ಅದು ಡ್ರಮ್ಮಿನ ಮೇಲೆ ಹಗ್ಗದ ಮೊದಲನೇ ಸುತ್ತಿನ ಪದರಕ್ಕೆ ಮಾತ್ರ. ಅಂದ್ರೆ ಹಗ್ಗ ಹೆಚ್ಚು ಕಡಿಮೆ ಪೂರ್ತಿ ಬಿಚ್ಚಿದಾಗ ಮಾತ್ರ. ಪದರದ ಮೇಲೆ ಪದರ ಬಂದ ಹಾಗೆ ಡ್ರಮ್ ದಪ್ಪ ಆಗುತ್ತೆ, ಎಳೆಯೋ ಶಕ್ತಿ ಇಳಿಯುತ್ತೆ. ಬಾವಿಯ ರಾಟೆ ನೆನಪು ಮಾಡಿಕೊಳ್ಳಿ, ಹಗ್ಗ ಸುತ್ತುವ ದಿಂಡು ದಪ್ಪ ಇದ್ದಷ್ಟೂ ಕೈಗೆ ಭಾರ. ನಾಲ್ಕನೇ ಪದರಕ್ಕೆ ಬರುವಷ್ಟರಲ್ಲಿ ಬರೆದಿರೋದರ ಅರವತ್ತು ಪರ್ಸೆಂಟ್ ಉಳಿದರೆ ಪುಣ್ಯ.

ಈಗ ಟ್ರಾಲಿಯ ಸಂಗತಿ ನೋಡಿ. ಕಾಡಲ್ಲಿ ಜೀಪ್ ಹೂತರೆ ಇಪ್ಪತ್ತು ಮೀಟರ್ ದೂರದ ಮರಕ್ಕೆ ಹಗ್ಗ ಎಳೀತಾರೆ, ಡ್ರಮ್ ಖಾಲಿ ಆಗುತ್ತೆ, ಪೂರ್ತಿ ಶಕ್ತಿ ಸಿಗುತ್ತೆ. ಟ್ರಾಲಿಗೆ ಹತ್ತಿಸಲು ಬೇಕಾಗಿರೋದು ಏಳೆಂಟು ಮೀಟರ್. ಉಳಿದ ಹಗ್ಗ ಡ್ರಮ್ಮಿನ ಮೇಲೇ ಕೂತಿರುತ್ತೆ. ಅಂದ್ರೆ ನಾವು ಯಾವಾಗಲೂ ಮೇಲಿನ ಪದರದಲ್ಲೇ, ಶಕ್ತಿ ಕಡಿಮೆ ಇರೋ ಕಡೆಯೇ ಎಳೀತಾ ಇರುತ್ತೇವೆ. ನಿಮ್ಮ 900 ಕೆಜಿ ಅಲ್ಲಿಗೆ 550 ಆಯ್ತು.

ಅದಕ್ಕೆ ನಾನು ಮಾಡೋದು ಇಷ್ಟೇ. ಹಗ್ಗ ಕತ್ತರಿಸಿಬಿಡ್ತೇನೆ. 12 ಮೀಟರ್ ಇಟ್ಟುಕೊಂಡರೆ ಸಾಕು. ಕೊಕ್ಕೆ ಇರೋ ಕಡೆ ಕತ್ತರಿಸಬೇಡಿ, ಅಲ್ಲಿ ಕಂಪನಿ ಒತ್ತಿ ಕೂರಿಸಿದ ಕುಣಿಕೆ ಇರುತ್ತೆ. ಪೂರ್ತಿ ಬಿಚ್ಚಿ ಡ್ರಮ್ ಕಡೆಯ ತುದಿ ಕತ್ತರಿಸಿ. ಕತ್ತರಿಸೋ ಜಾಗದ ಎರಡೂ ಪಕ್ಕ ಬೈಂಡಿಂಗ್ ವೈರ್ ಬಿಗಿದು ಸುತ್ತಿ, ಇಲ್ಲಾಂದ್ರೆ ಎಳೆ ಬಿಚ್ಚಿಕೊಳ್ಳುತ್ತೆ. ಮತ್ತೆ ಸುತ್ತುವಾಗ ಸುಮ್ನೆ ಸಡಿಲವಾಗಿ ಸುತ್ತಬೇಡಿ. ಸಪಾಟು ಜಾಗದಲ್ಲಿ ಒಂದು ಗಾಡಿಯನ್ನು ಎಳೆಸುತ್ತಾ, ಹಗ್ಗ ಬಿಗಿ ಇರೋ ಹಾಗೆ ಸುತ್ತಿಸಿ. ಮತ್ತೆ ಎಂಥ ಸಂದರ್ಭದಲ್ಲೂ ಡ್ರಮ್ಮಿನ ಮೇಲೆ ಐದು ಸುತ್ತು ಉಳಿದಿರಲೇಬೇಕು. ಎಳೆತ ತಡೆಯೋದು ಆ ಸುತ್ತುಗಳು, ತುದಿಯ ಸ್ಕ್ರೂ ಅಲ್ಲ.

5,000 ಪೌಂಡಿನದು ತಗೊಳ್ಳಿ. ಸುಮಾರು 2,270 ಕೆಜಿ. ಹಗ್ಗ ಚಿಕ್ಕದು ಮಾಡಿದರೆ ಕೆಟ್ಟ ಸ್ಥಿತಿಯಲ್ಲೂ 1,400-1,500 ಕೈಯಲ್ಲಿರುತ್ತೆ.

ಅಡಿಕೆ ತೋಟ, ತೀರ್ಥಹಳ್ಳಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ವರ್ಷಕ್ಕೆ ನಾಲ್ಕು ಸಲ ಹತ್ತಿಸಲು ಬ್ಯಾಟರಿ, ವೈರು, ಮೋಟರು ಯಾಕೆ? ನಮ್ಮ ಕಡೆ ಮರದ ದಿಮ್ಮಿ ಎಳೆಯುವವರ ಹತ್ತಿರ ತಿರ್ಫೋರ್ ಇರುತ್ತದೆ. ಕೈ ಹಿಡಿಕೆ ಹಿಂದೆ ಮುಂದೆ ಆಡಿಸಿದರೆ ತಂತಿ ಹಗ್ಗ ಒಳಗಿನ ದವಡೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. 1.6 ಟನ್ನಿನದು ಒಬ್ಬನೇ ಮನುಷ್ಯ ಎಳೆಯಬಲ್ಲ. ಪದರದ ತಾಪತ್ರಯವೇ ಇಲ್ಲ, ಯಾಕೆಂದರೆ ಡ್ರಮ್ಮೇ ಇಲ್ಲ. ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು. ಮಲೆನಾಡಿನಲ್ಲಿ ಇದ್ದುಕೊಂಡು ರ‍್ಯಾಂಪ್ ಯಾಕೆ? ಗದ್ದೆ ಬದುವಿಗೋ, ಕಣದ ದರೆಗೋ ಟ್ರಾಲಿಯನ್ನು ಹಿಂದಕ್ಕೆ ತಂದು ನಿಲ್ಲಿಸಿ. ಮೂರಡಿ ದರೆ ಹುಡುಕುವುದು ನಮಗೆ ಕಷ್ಟವಲ್ಲ. ಹಾಸಿಗೂ ದರೆಗೂ ಸಮ ಆಯಿತು ಅಂದರೆ ಜೀಪನ್ನು ನೇರ ಒಳಗೆ ಎಳೆದುಕೊಳ್ಳಬಹುದು. ನಮ್ಮ ತಂದೆ ಎತ್ತಿನ ಗಾಡಿಗೆ ಕಲ್ಲು ಹೇರುತ್ತಿದ್ದದ್ದು ಹೀಗೇ.

ಕಾಫಿಗಿಡ, ಸಕಲೇಶಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೋರಿನ ಯೋಚನೆ ಬಿಟ್ಟೆ. ಅಡಿಕೆ ತೋಟದವರೇ, ಮನೆಯ ಹತ್ತಿರ ದರೆ ಇದೆ, ಹತ್ತಿಸುವುದು ಅಲ್ಲಿ ಆಗಬಹುದು. ಆದರೆ ಹಾಸನದಲ್ಲಿ ಗ್ಯಾರೇಜಿನ ಮುಂದೆ ಇಳಿಸುವಾಗ? ಅದು ಸಪಾಟು ಕಾಂಕ್ರೀಟು. ಆದ್ದರಿಂದ ರ‍್ಯಾಂಪ್ ಬೇಕೇ ಬೇಕು. ತಿರ್ಫೋರ್ ಒಂದು ಬಾಡಿಗೆಗೆ ತಂದು ಇಟ್ಟುಕೊಳ್ಳುತ್ತೇನೆ, ವಿಂಚ್ ಕೈಕೊಟ್ಟರೆ ಇರಲಿ ಅಂತ.

ಇವತ್ತು ಜ್ಯಾಕ್ ಹಾಕಿ ನೋಡಿದೆ. ಮೂರು ಚಕ್ರ ತಿರುಗುತ್ತವೆ. ಮುಂದಿನ ಎಡಗಡೆಯದು ಪೂರ್ತಿ ಬಿಗಿದಿದೆ.

ಹೊಸ ಸಮಸ್ಯೆ ಒಂದಿದೆ. ಜೀಪ್ ಅಳೆದೆ, ಹೆಚ್ಚು ಕಡಿಮೆ 11 ಅಡಿ. ಹಾಸು ಕೂಡ 11 ಅಡಿ. ವಿಂಚನ್ನು ಹಾಸಿನ ಮೇಲೆ ಇಟ್ಟರೆ ಜೀಪಿಗೆ ಜಾಗ ಇಲ್ಲ.

ಸಾಗರದಾಚೆ, ಟೆಕ್ಸಾಸ್

ನಾನು ಮೂಲತಃ ಚನ್ನರಾಯಪಟ್ಟಣದವನು, ಈಗ ಹನ್ನೆರಡು ವರ್ಷದಿಂದ ಅಮೆರಿಕದಲ್ಲಿ. ಇಲ್ಲಿ ಕಾರ್ ಸಾಗಿಸುವ ಟ್ರೈಲರ್ ಮನೆ ಮನೆಯಲ್ಲೂ ಇರುತ್ತದೆ. ಬಹುಪಾಲು ಎರಡು ಆಕ್ಸಲ್‌ನವು, ಸರಕು ಸೇರಿ 7,000 ಪೌಂಡ್, ಅಂದರೆ 3,175 ಕೆಜಿ ಮಿತಿಯವು. ಅವುಗಳಲ್ಲಿ ವಿಂಚನ್ನು ಹಾಸಿನ ಮೇಲೆ ಇಡುವುದಕ್ಕಿಂತ ಎಳೆಯುವ ಗಾಡಿಗೆ ಸಿಕ್ಕಿಸುವ ಮುಂದಿನ ತ್ರಿಕೋನದ ಮೂಕಿಯ ಮೇಲೆ ಕೂರಿಸುವುದೇ ಹೆಚ್ಚು. ಪಕ್ಕದಲ್ಲೇ ಬ್ಯಾಟರಿ ಡಬ್ಬ. ಹಾಸು ಪೂರ್ತಿ ಗಾಡಿಗೆ ಖಾಲಿ ಸಿಗುತ್ತದೆ. ನಿಮ್ಮ ಟ್ರಾಲಿಗೂ ಅದೇ ಸರಿ ಅಲ್ವಾ? ಒಂದು ಎಚ್ಚರ, ನನ್ನ ಟ್ರೈಲರ್‌ನ ಹಾಸು ನೆಲದಿಂದ ಎರಡು ಅಡಿಗಿಂತ ಕೆಳಗಿದೆ. ನಿಮ್ಮದು ಮೂರು ಅಡಿ. ಮೂಕಿ ಅದಕ್ಕಿಂತ ಕೆಳಗೆ. ಹಾಗಾಗಿ ವಿಂಚಿಗೆ ಒಂದು ಸ್ಟ್ಯಾಂಡ್ ಕಟ್ಟಬೇಕಾಗುತ್ತದೆ.

ಐಟಿಐ ಮೇಷ್ಟ್ರು, ಮೈಸೂರು

ಸ್ಟ್ಯಾಂಡ್ ಅಂದ ಕೂಡಲೇ ಲೆಕ್ಕ ಮಾಡಿದೆ. ಮೂಕಿಯ ಮೇಲೆ 2 ಅಡಿ ಎತ್ತರದ ಕಂಬ, ತುದಿಯಲ್ಲಿ 1,500 ಕೆಜಿ ಎಳೆತ ಅಂತಿಟ್ಟುಕೊಳ್ಳಿ. ಬುಡದಲ್ಲಿ 900 ಕೆಜಿ-ಮೀಟರ್ ಬಾಗಿಸುವ ಬಲ. 100×50ರ ಚಾನಲ್ ಒಂದನ್ನೇ ನಿಲ್ಲಿಸಿದರೆ ಕಬ್ಬಿಣದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 2,400 ಕೆಜಿ ಒತ್ತಡ ಬರುತ್ತದೆ. ಮಾಮೂಲಿ ಕಬ್ಬಿಣ 2,500ರ ಆಸುಪಾಸಿನಲ್ಲಿ ಬಾಗಿ ಹಾಗೇ ಉಳಿದುಬಿಡುತ್ತದೆ. ಅಂದರೆ ಅಂಚಿನಲ್ಲಿದ್ದೀರಿ. ಬರೀ ಒಂಟಿ ಕಂಬ ಬೇಡ.

ಕುಲುಮೆ, ದಾವಣಗೆರೆ

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ, ಆದರೆ ಕಂಬ ಒಂಟಿಯಾಗಿ ನಿಲ್ಲಬೇಕಾಗಿಲ್ಲ. ಎಳೆತ ಯಾವ ಕಡೆ? ಹಿಂದಕ್ಕೆ. ಕಂಬದ ಹಿಂದೆ ಏನಿದೆ? ಹಾಸಿನ ಮುಂದಿನ ಅಡ್ಡ ಚಾನಲ್. ಸ್ಟ್ಯಾಂಡನ್ನು ಆ ಅಡ್ಡ ಚಾನಲ್‌ಗೆ ಅಂಟಿಕೊಂಡ ಹಾಗೆ ನಿಲ್ಲಿಸಿದರೆ ಎಳೆದಷ್ಟೂ ಸ್ಟ್ಯಾಂಡ್ ಹೋಗಿ ಚಾಸಿಗೇ ಒತ್ತಿಕೊಳ್ಳುತ್ತೆ. ಆಮೇಲೆ ಬಾಗೋಕೆ ಉಳಿಯೋದು ಹಾಸಿನಿಂದ ಮೇಲಿರೋ ಆರೆಂಟು ಇಂಚು ಮಾತ್ರ. ನಾನು ಮಾಡೋದಾದ್ರೆ ಹೀಗೆ ಮಾಡ್ತೇನೆ:

100×50 ಚಾನಲ್ ಎರಡು ಕಂಬ, ವಿಂಚಿನ ಬೋಲ್ಟ್ ತೂತುಗಳ ನೇರಕ್ಕೆ ಬರೋ ಹಾಗೆ ಅಂತರ. ಬುಡ ಮೂಕಿಗೆ, ನಡು ಅಡ್ಡ ಚಾನಲ್‌ಗೆ. ತಲೆಯ ಮೇಲೆ 10 ಎಂಎಂ ಪ್ಲೇಟು. ಪ್ಲೇಟಿನ ಕೆಳಗೆ ಎರಡು ಪಕ್ಕ ತ್ರಿಕೋನದ ತುಂಡು. ತಲೆಯಿಂದ ಮುಂದಕ್ಕೆ ಮೂಕಿಗೆ ಒಂದು ಆನಿಕೆ. ಅದು ಎಳೆತ ತಡೆಯೋ ಆನಿಕೆ, ಹಾಗಾಗಿ ಅದರ ಬೆಸುಗೆ ಸುತ್ತಲೂ ಪೂರ್ತಿ ಬರಬೇಕು. ಚುಕ್ಕಿ ಚುಕ್ಕಿ ಹಾಕಿ ಬಿಡಬೇಡಿ.

ಬೆಸುಗೆಗೆ ಮುಂಚೆ ಬಣ್ಣ, ತುಕ್ಕು ಗ್ರೈಂಡರ್‌ನಲ್ಲಿ ಕೆರೆದು ಬೆಳ್ಳಗೆ ಮಾಡಿ. ವೆಲ್ಡಿಂಗ್ ರಾಡು 7018 ನಂಬರಿನದು ಆದರೆ ಒಳ್ಳೇದು, ಆದರೆ ಅದನ್ನು ಬಿಸಿ ಮಾಡಿ ಒಣಗಿಸಿ ಬಳಸಬೇಕು. ನಿಮ್ಮ ಕಡೆ ಮಳೆಗಾಲದ ತೇವಕ್ಕೆ ತೆರೆದಿಟ್ಟ ರಾಡು ಕೆಟ್ಟಿರುತ್ತೆ. ಮೂಕಿಯ ಚಾನಲ್ ಅಂಚಿಗೆ ಅಡ್ಡಲಾಗಿ ಬೆಸುಗೆ ಎಳೀಬೇಡಿ, ಬಿರುಕು ಅಲ್ಲಿಂದಲೇ ಶುರುವಾಗುತ್ತೆ. ಉದ್ದಕ್ಕೆ ಎಳೀರಿ. ವಿಂಚಿನ ಬೋಲ್ಟ್ ತಲೆಯ ಮೇಲೆ 8.8 ಅಂತ ಅಚ್ಚು ಇರೋದನ್ನೇ ತಗೊಳ್ಳಿ. ಅಚ್ಚಿಲ್ಲದ ಬೋಲ್ಟ್ ಬೇಡ.

ಸ್ಟ್ಯಾಂಡ್ ಹಾಸಿಗೆ ಅಂಟಿಕೊಂಡೇ ಇರಲಿ. ಮುಂದಕ್ಕೆ ಬಂದರೆ ಟ್ರ್ಯಾಕ್ಟರ್ ಗಿರಕಿ ಹೊಡೆಯುವಾಗ ಹಿಂದಿನ ಟೈರ್ ತಾಗುತ್ತೆ.

ಜೀಪ್ ಕನಸು, ಮಡಿಕೇರಿ

ಎತ್ತರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಜೀಪ್ ಇನ್ನೂ ನೆಲದ ಮೇಲಿರುವಾಗ ಅದರ ಕೊಕ್ಕೆ ಎರಡಡಿಗಿಂತ ಕೆಳಗಿರುತ್ತದೆ. ವಿಂಚಿನಿಂದ ಅಲ್ಲಿಗೆ ದಾರ ಕಟ್ಟಿ ನೋಡಿ. ವಿಂಚ್ ಹಾಸಿನಿಂದ ಎಂಟು ಇಂಚು ಮೇಲಿದ್ದರೆ ದಾರ ಹಾಸಿನ ಹಿಂದಿನ ಅಂಚಿಗೆ ಉಜ್ಜುತ್ತದೆ. ಹಗ್ಗವೂ ಅಲ್ಲೇ ಉಜ್ಜುತ್ತದೆ. ಒಂದೋ ವಿಂಚನ್ನು ಇನ್ನೂ ಅರ್ಧ ಅಡಿ ಮೇಲಕ್ಕೆ ತರಬೇಕು, ಇಲ್ಲವೇ ಹಿಂದಿನ ಅಂಚಿಗೆ ಒಂದು ರೋಲರ್ ಬೇಕು. ದಪ್ಪ ಸರಳಿನ ಮೇಲೆ ಎರಡು ಇಂಚಿನ ಪೈಪ್ ತುಂಡು ಹಾಕಿದರೂ ರೋಲರ್ ಆಯಿತು. ವಿಂಚ್ ಮೇಲಕ್ಕೆ ಹೋದಷ್ಟೂ ಸ್ಟ್ಯಾಂಡಿಗೆ ಕಷ್ಟ ಜಾಸ್ತಿ, ಆದ್ದರಿಂದ ನಾನಾದರೆ ರೋಲರ್ ಹಾಕುತ್ತೇನೆ.

ಹಗ್ಗ ಯಾವುದು ಅನ್ನುವುದನ್ನೂ ಯೋಚಿಸಿ. ಕಾಡಿನ ದಾರಿಗೆ ನಾನು ಬಳಸುವುದು ಸಿಂಥೆಟಿಕ್. ಹಗುರ, ಕೈಗೆ ಚುಚ್ಚುವುದಿಲ್ಲ, ತುಂಡಾದರೆ ತಂತಿಯಷ್ಟು ಜೋರಾಗಿ ಬೀಸುವುದಿಲ್ಲ. ಆದರೆ ಅಂಚಿಗೆ ಉಜ್ಜಿದರೆ ಬೇಗ ಹರಿಯುತ್ತದೆ. ಬಿಸಿಲಿಗೂ ಬಿಸಿಗೂ ಆಗಿಬರುವುದಿಲ್ಲ. ಅನೇಕ ವಿಂಚುಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ಗಾಡಿಯನ್ನು ನಿಧಾನ ಇಳಿಸುವಾಗ ಆ ಬ್ರೇಕ್ ಕಾಯ್ದು ಡ್ರಮ್ಮಿಗೆ ಅಂಟಿದ ಹಗ್ಗವನ್ನು ಕರಗಿಸಬಹುದು. ಟ್ರಾಲಿ ಕೆಲಸದಲ್ಲಿ ಪ್ರತಿ ಸಲವೂ ಇಳಿಸುವುದು ಇದ್ದೇ ಇರುತ್ತದೆ. ಹಾಗಾಗಿ ಇಲ್ಲಿಗೆ ಉಕ್ಕಿನ ತಂತಿ ಹಗ್ಗವೇ ಸರಿ ಅಂತ ನನ್ನ ಅಭಿಪ್ರಾಯ. ಚರ್ಮದ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ನಡುವೆ ಒಂದು ಒದ್ದೆ ಗೋಣಿಚೀಲ ಹೊದಿಸಿ, ತುಂಡಾದರೆ ಅದು ಹಗ್ಗವನ್ನು ನೆಲಕ್ಕೆ ಎಳೆಯುತ್ತದೆ.

ವೈರಿಂಗ್ ಅಂಗಡಿ, ಹುಬ್ಬಳ್ಳಿ

ನಮಸ್ಕಾರ ರೀ. ಕಬ್ಬಿಣದ ಮಾತು ಆಯ್ತು, ಕರೆಂಟಿನ ಮಾತು ಯಾರೂ ಆಡಲಿಲ್ಲ.

ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರ್ ಎಳೀತೀನಿ ಅಂದ್ರಲ್ಲ, ಆ ದೂರ ಎಷ್ಟು? ಬಾಗಿ ಬಳಸಿ ಐದಾರು ಮೀಟರ್ ಆಗುತ್ತದೆ. ಹೋಗಲು ಒಂದು, ಬರಲು ಒಂದು, ಹತ್ತು ಹನ್ನೆರಡು ಮೀಟರ್. 5,000 ಪೌಂಡ್ ವಿಂಚ್ ಪೂರ್ತಿ ಭಾರದಲ್ಲಿ 200 ಆಂಪಿಯರ್ ಹತ್ತಿರ ಎಳೆಯುತ್ತದೆ. 35 ಚದರ ಎಂಎಂ ತಾಮ್ರದ ಕೇಬಲ್ ಹಾಕಿದರೂ ದಾರಿಯಲ್ಲೇ ಒಂದು ವೋಲ್ಟಿಗಿಂತ ಜಾಸ್ತಿ ಹೋಗುತ್ತದೆ. ತೆಳು ವೈರ್ ಹಾಕಿದರೆ ಕೇಬಲ್ ಕಾಯುತ್ತದೆ, ವಿಂಚ್ ಅಳುತ್ತದೆ, ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೊಡೋ ದೊಡ್ಡ ಸ್ವಿಚ್) ಸುಡುತ್ತದೆ.

ಬ್ಯಾಟರಿಯನ್ನೇ ಟ್ರಾಲಿಗೆ ಒಯ್ಯಿರಿ. ವಿಂಚಿನ ಪಕ್ಕದಲ್ಲಿ 12 ವೋಲ್ಟ್, 80ರಿಂದ 100 ಆಂಪಿಯರ್-ಅವರ್ ಬ್ಯಾಟರಿ, ಬೀಗ ಇರೋ ಡಬ್ಬದಲ್ಲಿ. ವಿಂಚಿಗೆ ಒಂದೇ ಮೀಟರ್ ದಪ್ಪ ಕೇಬಲ್. ಟ್ರ್ಯಾಕ್ಟರಿನಿಂದ ಬರೋದು ಬರೀ ಚಾರ್ಜಿಂಗ್ ವೈರು, 6 ಚದರ ಎಂಎಂ, 30 ಆಂಪಿಯರ್ ಫ್ಯೂಸ್ ಸಮೇತ. ವಿಂಚ್ ಓಡಿಸುವಾಗ ಆ ಚಾರ್ಜಿಂಗ್ ಪ್ಲಗ್ ಕಿತ್ತಿಡಿ. ಇಲ್ಲಾಂದ್ರೆ ವಿಂಚ್ ಆ ಸಣ್ಣ ವೈರಿನಿಂದಲೂ ಎಳೆಯಲು ನೋಡುತ್ತದೆ, ಫ್ಯೂಸ್ ಹೋಗುತ್ತದೆ.

ವೆಲ್ಡಿಂಗ್ ಕೇಬಲ್ ಬಳಸಬಹುದು, ಮೆತ್ತಗೆ ಇರುತ್ತದೆ. ಆದರೆ ತುದಿ ಸುಲಿದು ನೋಡಿ ತಗೋರಿ. ಒಳಗೆ ಅಲ್ಯೂಮಿನಿಯಂ ಇರೋದೂ ಮಾರುತ್ತಾರೆ. ನೆಗೆಟಿವ್ ಅನ್ನು ಚಾಸಿಗೆ ಕೊಡಬೇಡಿ, ಅದಕ್ಕೂ ಸರಿಯಾದ ಕೇಬಲ್ ಹಾಕಿ.

ಕೊನೇದು, ಆದರೆ ಎಲ್ಲಕ್ಕಿಂತ ದೊಡ್ಡದು. ಬ್ಯಾಟರಿಯ ಪಕ್ಕದಲ್ಲೇ, ಕೈಗೆ ಸಿಗೋ ಹಾಗೆ, ಒಂದು ಕಟ್‌ಆಫ್ ಸ್ವಿಚ್. ಲಾರಿಗಳಲ್ಲಿ ಇರುತ್ತಲ್ಲ, ಕೆಂಪು ಹಿಡಿಕೆಯದು. ನಮ್ಮ ಅಂಗಡಿಯ ಮುಂದೆಯೇ ಒಂದು ಸಲ ರಿಮೋಟ್ ಬಟನ್ ಬಿಟ್ಟರೂ ವಿಂಚ್ ನಿಲ್ಲಲಿಲ್ಲ. ಕಾಂಟ್ಯಾಕ್ಟರಿನ ಒಳಗೆ ತಾಮ್ರ ಕರಗಿ ಅಂಟಿಕೊಂಡಿತ್ತು. ಕೊಕ್ಕೆ ಬಂದು ರೋಲರಿಗೆ ಬಡಿಯಿತು, ಇನ್ನೂ ಎಳೀತಾನೇ ಇತ್ತು. ಕಟ್‌ಆಫ್ ತಿರುಗಿಸಿದ್ದಕ್ಕೆ ನಿಂತಿತು. ಅದಿಲ್ಲದಿದ್ದರೆ ಸ್ಪ್ಯಾನರ್ ಹುಡುಕಿ ಬ್ಯಾಟರಿ ಬಿಚ್ಚುವಷ್ಟರಲ್ಲಿ ಹಗ್ಗ ತುಂಡಾಗುತ್ತಿತ್ತು.

ಫ್ಲಾಟ್‌ಬೆಡ್ ಗಾಡಿ, ತುಮಕೂರು

ಹುಬ್ಬಳ್ಳಿ ಅಣ್ಣ ಹೇಳಿದ ಸ್ವಿಚ್ ವಿಷಯಕ್ಕೆ ನನ್ನದೂ ಒಂದು ಓಟು. ಮೋಟರಿಗೂ ವಿರಾಮ ಕೊಡಬೇಕು. ಭಾರದಲ್ಲಿ ಒಂದು ನಿಮಿಷ ಎಳೆದರೆ ಕೈ ಇಟ್ಟು ನೋಡಿ, ಬಿಸಿ ಇದ್ದರೆ ನಿಲ್ಲಿಸಿ. ನಿಲ್ಲಿಸಿದಾಗಲೆಲ್ಲ ಜೀಪಿನ ಹಿಂದಿನ ಚಕ್ರಕ್ಕೆ ಅಡ್ಡಗಲ್ಲು ಇಡಿ. ಇಡೋ ಮನುಷ್ಯ ಪಕ್ಕದಿಂದ ಕೋಲಿನಲ್ಲಿ ತಳ್ಳಬೇಕು, ಜೀಪಿನ ಹಿಂದೆ ಹೋಗಬಾರದು.

ಬಿಗಿದ ಚಕ್ರದ ವಿಷಯ: ಬ್ರೇಕ್ ಡ್ರಮ್ ಬಿಚ್ಚಲು ಆಗದಿದ್ದರೆ ಸ್ನ್ಯಾಚ್ ಬ್ಲಾಕ್, ಅಂದ್ರೆ ಕೊಕ್ಕೆಗೆ ಸಿಕ್ಕಿಸೋ ರಾಟೆ, ಹಾಕಿ. ಹಗ್ಗವನ್ನು ಜೀಪಿನ ಕೊಕ್ಕೆಯಲ್ಲಿರೋ ರಾಟೆ ಸುತ್ತಿಸಿ ತಂದು ಚಾಸಿಗೇ ಕಟ್ಟೋದು. ಎಳೆತ ಎರಡು ಪಟ್ಟು, ವೇಗ ಅರ್ಧ. ಹಾಗೆ ಮಾಡೋದಾದ್ರೆ ಹಗ್ಗ 12 ಮೀಟರ್ ಸಾಲಲ್ಲ, 18 ಇಟ್ಟುಕೊಳ್ಳಿ.

ಐಟಿಐ ಮೇಷ್ಟ್ರು, ಮೈಸೂರು

ರಾತ್ರಿ ಮಲಗಿದಾಗ ಇನ್ನೊಂದು ಹೊಳೆಯಿತು. ಇದು ಎರಡು ಚಕ್ರದ ಟ್ರಾಲಿ. ಜೀಪಿನ ಮುಂದಿನ ಚಕ್ರ ಹಾಸಿನ ಹಿಂದಿನ ಅಂಚಿಗೆ ಬಂದ ಗಳಿಗೆ ಯೋಚಿಸಿ. 550 ಕೆಜಿ ಆಕ್ಸಲ್‌ನಿಂದ ಐದಡಿ ಹಿಂದೆ ಕೂರುತ್ತದೆ. ಖಾಲಿ ಟ್ರಾಲಿಯ ಮೂಕಿ ಟ್ರ್ಯಾಕ್ಟರ್ ಕೊಕ್ಕೆಯ ಮೇಲೆ 100 ಕೆಜಿ ಒತ್ತುತ್ತದೆ, ಕೊಕ್ಕೆ ಆಕ್ಸಲ್‌ನಿಂದ ಹತ್ತಡಿ ಮುಂದಿದೆ ಅಂತಿಟ್ಟುಕೊಳ್ಳಿ. ಲೆಕ್ಕ ಮಾಡಿದರೆ ಮೂಕಿ ಕೆಳಗೆ ಒತ್ತುವ ಬದಲು ಸುಮಾರು 175 ಕೆಜಿ ಬಲದಿಂದ ಮೇಲಕ್ಕೆ ಏಳುತ್ತದೆ. ಟ್ರ್ಯಾಕ್ಟರಿಗೆ ಸಿಕ್ಕಿಸದೆ ಬರೀ ಟ್ರಾಲಿ ನಿಲ್ಲಿಸಿಕೊಂಡು ಹತ್ತಿಸಲು ಹೋದರೆ ತಕ್ಕಡಿಯ ಹಾಗೆ ಎಗರುತ್ತದೆ. ಟ್ರ್ಯಾಕ್ಟರಿಗೆ ಸಿಕ್ಕಿಸಿಯೇ ಇರಬೇಕು, ಪಿನ್ನಿಗೆ ಬೀಗದ ಕ್ಲಿಪ್ ಇರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಹಿಂದಿನ ಅಂಚಿನ ಕೆಳಗೆ ಎರಡೂ ಮೂಲೆಗೆ ಊರುಗಾಲು ಕೊಡಿ. ಮರದ ದಿಮ್ಮಿ ಆದರೂ ಸರಿ.

ಕುಲುಮೆ, ದಾವಣಗೆರೆ

ಒಳ್ಳೇ ಮಾತು ಮೇಷ್ಟ್ರೇ. ಒಂದೂವರೆ ಇಂಚಿನ ಚೌಕ ಪೈಪಿನೊಳಗೆ ಒಂದು ಇಂಚಿನ ಗಟ್ಟಿ ಸರಳು, ತೂತು ತೂತು ಹಾಕಿ ಪಿನ್. ಬೇಕಾದಾಗ ಇಳಿಸೋದು, ಹೊರಡುವಾಗ ಎತ್ತಿಡೋದು. ರ‍್ಯಾಂಪಿಗೆ 12 ಅಡಿ 75×40 ಚಾನಲ್ ಎರಡೆರಡು ಸಾಕು. ಒಂದೊಂದು ರ‍್ಯಾಂಪ್ 60 ಕೆಜಿ ಬರುತ್ತೆ, ಇಬ್ಬರು ಎತ್ತಬಹುದು. ಮೇಲ್ತುದಿಗೆ ಕೊಕ್ಕೆ ಮಾಡಿ ಹಾಸಿನ ಅಂಚಿಗೆ ಸಿಕ್ಕಿಸಿ, ಪಿನ್ ಹಾಕಿ. ಆ ಹುಡುಗನ ಕಾಲಿಗೆ ಏಟಾಗಿದ್ದು ಹಲಗೆ ಜಾರಿದ್ದಕ್ಕೆ ಅಲ್ವಾ?

ಸಾಗರದಾಚೆ, ಟೆಕ್ಸಾಸ್

ಹತ್ತಿಸಿ ಆದ ಮೇಲೆ ವಿಂಚಿನ ಹಗ್ಗವನ್ನೇ ನಂಬಿ ಹೊರಡಬೇಡಿ. ದಾರಿಯ ಪ್ರತಿ ಗುಂಡಿಯ ಏಟೂ ವಿಂಚಿನ ಗೇರಿಗೆ ಬೀಳುತ್ತದೆ. ನಾಲ್ಕು ಮೂಲೆಗೆ ನಾಲ್ಕು ರ‍್ಯಾಚೆಟ್ ಬೆಲ್ಟ್. ಮುಂದಿನ ಎರಡು ಮುಂದಕ್ಕೆ, ಹಿಂದಿನ ಎರಡು ಹಿಂದಕ್ಕೆ ಎಳೆದ ಹಾಗೆ. ಬೆಲ್ಟನ್ನು ಜೀಪಿನ ಮೇಲ್ಭಾಗದ ಬಾಡಿಯ ಮೇಲೆ ಕಟ್ಟದೆ ಆಕ್ಸಲ್‌ಗೆ ಕಟ್ಟಿ, ಆಗ ಸ್ಪ್ರಿಂಗ್ ಕುಣಿದರೂ ಬೆಲ್ಟ್ ಸಡಿಲ ಆಗುವುದಿಲ್ಲ. ಐದು ಕಿಲೋಮೀಟರ್ ಹೋಗಿ ಒಮ್ಮೆ ನಿಲ್ಲಿಸಿ ಬಿಗಿ ಮಾಡಿಕೊಳ್ಳಿ.

ಜೀಪ್ ಕನಸು, ಮಡಿಕೇರಿ

ಕಾಗದ ಪತ್ರದ ಕಡೆಗೂ ಗಮನ ಇರಲಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರ ಬದಲಾಗುವಂಥ ಮಾರ್ಪಾಡು ಮಾಡುವ ಹಾಗಿಲ್ಲ. ಬೆಸುಗೆ ಹಾಕುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಕೇಳಿಬಿಡಿ. ಬೋಲ್ಟ್ ಬಿಚ್ಚಿ ತೆಗೆಯುವ ಹಾಗೆ ಸ್ಟ್ಯಾಂಡ್ ಮಾಡಿಸಿಕೊಂಡರೆ ಎಲ್ಲಕ್ಕೂ ಅನುಕೂಲ. ಬೇರೆಯವರ ಗಾಡಿಯನ್ನು ಬಾಡಿಗೆಗೆ ಸಾಗಿಸುವ ಯೋಚನೆ ಮಾತ್ರ ಬೇಡ, ಕೃಷಿ ಟ್ರಾಲಿ ಅದಕ್ಕಲ್ಲ.

ಕಾಫಿಗಿಡ, ಸಕಲೇಶಪುರ

ಐದು ವಾರದ ನಂತರ ಬರೆಯುತ್ತಿದ್ದೇನೆ. ನಿನ್ನೆ ಜೀಪ್ ಹಾಸನಕ್ಕೆ ಹೋಯಿತು.

ಆರ್‌ಟಿಒ ಕಚೇರಿಗೆ ಹೋಗಿ ಕೇಳಿಕೊಂಡು ಬಂದ ಮೇಲೆ ಬಿಚ್ಚಿಡುವಂಥ ಸ್ಟ್ಯಾಂಡೇ ಮಾಡಿಸಿದೆ. ಕುಲುಮೆಯವರು ಹೇಳಿದ ಹಾಗೆ ಎರಡು ಚಾನಲ್ ಕಂಬ, ಅಡ್ಡ ಚಾನಲ್‌ಗೆ ಒತ್ತಿ ಎಂಟು ಬೋಲ್ಟ್. 5,000 ಪೌಂಡ್ ವಿಂಚ್, ಹಗ್ಗ 18 ಮೀಟರಿಗೆ ಇಳಿಸಿದೆ. ಬ್ಯಾಟರಿ ಡಬ್ಬ ಪಕ್ಕದಲ್ಲೇ, ಕೆಂಪು ಸ್ವಿಚ್ ಡಬ್ಬದ ಹೊರಗೆ. ಹಿಂದಿನ ಅಂಚಿಗೆ ಪೈಪ್ ರೋಲರ್.

ಮೊದಲು ಪವರ್ ಟಿಲ್ಲರ್ ಹತ್ತಿಸಿ ಪರೀಕ್ಷೆ ಮಾಡಿದೆ. ಸ್ಟ್ಯಾಂಡಿನ ತಲೆಗೂ ಹಾಸಿಗೂ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಅಳೆದಿಟ್ಟುಕೊಂಡಿದ್ದೆ. ಎಳೆದ ಮೇಲೆ ಮತ್ತೆ ಅಳೆದೆ, ಒಂದು ಎಂಎಂ ಕೂಡ ಜರುಗಿರಲಿಲ್ಲ. ಆಮೇಲೆಯೇ ಜೀಪಿಗೆ ಕೈ ಹಾಕಿದ್ದು.

ಬಿಗಿದಿದ್ದ ಎಡ ಚಕ್ರದ ಡ್ರಮ್ ಎಷ್ಟು ಬಡಿದರೂ ಬಿಡಲಿಲ್ಲ. ಅಡ್ಜಸ್ಟರ್‌ಗೆ ಎಣ್ಣೆ ಬಿಟ್ಟು ಮೂರು ದಿನ ಕಾದು, ಸುತ್ತಲೂ ಮರದ ಸುತ್ತಿಗೆಯಲ್ಲಿ ಬಡಿದು, ಕೊನೆಗೆ ಬಿಟ್ಟಿತು. ಸ್ನ್ಯಾಚ್ ಬ್ಲಾಕ್ ಬೇಕಾಗಲಿಲ್ಲ. ಒಟ್ಟು ಎಂಟು ನಿಮಿಷ ಹಿಡಿಯಿತು, ನಡುವೆ ಮೂರು ಸಲ ನಿಲ್ಲಿಸಿದ್ದೂ ಸೇರಿ. ಮೇಷ್ಟ್ರೇ, ನೀವು ಹೇಳಿದ ಗಳಿಗೆ ಬಂತು. ಮುಂದಿನ ಚಕ್ರ ಅಂಚಿಗೆ ಬಂದಾಗ ಊರುಗಾಲು ಕಿರ್ ಅಂದಿತು, ಟ್ರಾಲಿ ಅಲುಗಲಿಲ್ಲ. ಊರುಗಾಲಿನ ಕೆಳಗೆ ಹಲಗೆ ಇಟ್ಟಿದ್ದರೂ ಎರಡು ಇಂಚು ಮಣ್ಣಿಗೆ ಇಳಿದಿತ್ತು.

ಕಾಲಿಗೆ ಏಟಾಗಿದ್ದ ಹುಡುಗನೇ ರಿಮೋಟ್ ಹಿಡಿದಿದ್ದ, ಹದಿನೈದು ಅಡಿ ದೂರದಲ್ಲಿ, ಪಕ್ಕಕ್ಕೆ ನಿಂತು. ಜೀಪಿನ ಹಿಂದೆ ಯಾರೂ ಇರಲಿಲ್ಲ.

ಅಡಿಕೆ ತೋಟ, ತೀರ್ಥಹಳ್ಳಿ

ಬಹಳ ಸಂತೋಷವಾಯಿತು. ತಿರ್ಫೋರ್ ತಂದಿದ್ದಿರಾ?

ಕಾಫಿಗಿಡ, ಸಕಲೇಶಪುರ

ತಂದಿದ್ದೆ ಸರ್. ಗ್ಯಾರೇಜಿನ ಮುಂದೆ ಇಳಿಸುವಾಗ ಅದರದ್ದೇ ಹಗ್ಗವನ್ನು ಎರಡನೇ ಹಿಡಿತವಾಗಿ ಹಿಂದಿನಿಂದ ಕಟ್ಟಿಕೊಂಡು, ವಿಂಚ್ ಬಿಟ್ಟಷ್ಟೂ ಅದನ್ನೂ ಬಿಡುತ್ತಾ ಬಂದೆವು. ಜೀಪಿಗೆ ಬ್ರೇಕ್ ಇಲ್ಲವಲ್ಲ.

ಫ್ಲಾಟ್‌ಬೆಡ್ ಗಾಡಿ, ತುಮಕೂರು

ಹಿಂದಿನಿಂದ ಅಂದ್ರೆ ಜೀಪಿನ ಮುಂದಿನ ಕೊಕ್ಕೆಗೇ ತಾನೆ, ಟ್ರಾಲಿ ಚಾಸಿಗೆ ಸಿಕ್ಕಿಸಿ?

ಕಾಫಿಗಿಡ, ಸಕಲೇಶಪುರ

ಹೌದು, ಹೌದು. ತಪ್ಪು ಬರೆದೆ. ಜೀಪಿನ ಮುಂದಿನ ಇನ್ನೊಂದು ಕೊಕ್ಕೆಗೆ, ತಿರ್ಫೋರ್ ಟ್ರಾಲಿಯ ಮುಂದಿನ ಅಡ್ಡ ಚಾನಲ್‌ಗೆ. ಎಂಜಿನ್ ಬಿಚ್ಚಿದ ಮೇಲೆ ಫೋಟೋ ಹಾಕುತ್ತೇನೆ.